ಎಡಗೈಯ ಗೀರು

ಕೀಲಿಯಮ್ಮನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಸೋಪಿನ ಮೇಲೆ ಅಚ್ಚೊತ್ತಿಕೊಂಡು ಬಂದು "ಒಂದು ಕೀ ಮಾಡ್ಕೊಡಿ" ಎಂದವರನ್ನು ಬೀದಿ ದಾಟುವವರೆಗೂ ಬೈದು ಕಳಿಸುತ್ತಿದ್ದಳು. ಕೀ ತನ್ನಿ, ಇಲ್ಲವೇ ಬೀಗ ತನ್ನಿ, ಮೂರನೆಯ ಮಾತಿಲ್ಲ. ಗಂಡ ಸತ್ತು ಹನ್ನೊಂದು ವರ್ಷವಾಗಿತ್ತು. ಬಸ್ ನಿಲ್ದಾಣದ ಗೋಡೆಗೆ ಒರಗಿದ ತಗಡಿನ ಅಂಗಡಿ, ಏಳು ಅರ, ಐದು ವರ್ಷದ ಮಗಳು, ಇವಿಷ್ಟನ್ನು ಅವನು ಬಿಟ್ಟುಹೋಗಿದ್ದ. ಜೊತೆಗೆ ಒಂದು ಅಭ್ಯಾಸವನ್ನೂ.

ಕೀ ಕೊರೆದು ಮುಗಿಸಿದ ಮೇಲೆ ಅದರ ತುದಿಯಲ್ಲಿ ಅರದಿಂದ ಒಂದು ಓರೆ ಗೀರು ಎಳೆಯುವುದು. ನಾಳೆ ಯಾರಾದರೂ ಕೀ ತಿರುಗುವುದಿಲ್ಲವೆಂದು ಜಗಳಕ್ಕೆ ಬಂದರೆ, ಅದು ನಮ್ಮದೋ ಬೇರೆಯವರದೋ ನೋಡಿದ ತಕ್ಷಣ ಗೊತ್ತಾಗಬೇಕಲ್ಲ. ಊರಿನ ಅರ್ಧದಷ್ಟು ಮನೆಗಳ ಬಾಗಿಲು ಈ ಗೀರಿನ ಕೀಗಳಿಂದಲೇ ತೆರೆಯುತ್ತಿದ್ದವು.

ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳು ಎಡಚಿ. ಬಲಗೈಯವರು ಕಲಿಸಿದ್ದು ಎಡಚಿಯ ಕೈಗೆ ಹತ್ತುವುದಿಲ್ಲವೆಂದು ಕೀಲಿಯಮ್ಮ ಆರು ತಿಂಗಳು ತಾನೇ ಎಡಗೈಯಲ್ಲಿ ಅರ ಹಿಡಿದು ಒದ್ದಾಡಿ ಕಲಿತಳು. ಆಮೇಲೆ ಮಗಳ ಪುಟ್ಟ ಮುಷ್ಟಿಯ ಮೇಲೆ ತನ್ನ ಮುಷ್ಟಿಯಿಟ್ಟು ಕಲಿಸಿದಳು. ಹದಿನಾರಕ್ಕೆಲ್ಲ ಹುಡುಗಿ ಅಮ್ಮನನ್ನೂ ಮೀರಿಸಿದ್ದಳು. ವ್ಯತ್ಯಾಸ ಒಂದೇ. ಅಮ್ಮನ ಗೀರು ಬಲಕ್ಕೆ ವಾಲಿದರೆ ಮಗಳದ್ದು ಎಡಕ್ಕೆ ವಾಲುತ್ತಿತ್ತು.

ಆ ಬೆಳಿಗ್ಗೆ ಪೊಲೀಸ್ ಜೀಪು ಅಂಗಡಿಯ ಮುಂದೆ ನಿಂತಾಗ ಕೀಲಿಯಮ್ಮನಿಗೆ ಹೆದರಿಕೆಯಾಗಲಿಲ್ಲ. ತೆರೆಯದ ಬಾಗಿಲು ಎಲ್ಲಿದ್ದರೂ ಅವಳನ್ನೇ ಕರೆಯುವುದು ರೂಢಿ.

"ಚಿನ್ನದಂಗಡಿ ಕಳ್ಳತನ ಆಗಿದೆ. ಒಳಗಿನ ಕೋಣೆಯ ಬೀಗದಲ್ಲಿ ಕೀ ಮುರಿದು ಕೂತಿದೆ. ವಾಚ್‌ಮನ್ ಒಳಗೇ ಸಿಕ್ಕಿಹಾಕೊಂಡಿದ್ದಾನೆ, ಬೇಗ ಬಾ," ಎಂದರು ಇನ್ಸ್‌ಪೆಕ್ಟರ್.

ಅವಳು ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಓಡಿಹೋಗಿ ಜೀಪು ಹತ್ತಿದಳು. ವಾಚ್‌ಮನ್ ಅಣ್ಣ ದಿನಾ ಬೆಳಿಗ್ಗೆ ಅವಳ ಅಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವವನು, ಅವಳನ್ನು ಬಾಯ್ತುಂಬ ತಂಗಿ ಎನ್ನುವವನು. ಉಬ್ಬಸದ, ಒಂಟಿ ಮನುಷ್ಯ. ಗುಬ್ಬಿ ಅವನನ್ನು ಮಾವ ಎಂದು ಕರೆದುಕೊಂಡೇ ಬೆಳೆದವಳು.

ಹಿಂದಿನ ದಿನ ಚಿನ್ನದಂಗಡಿಗೆ ವಾರದ ರಜೆ. ಮಧ್ಯಾಹ್ನ ಊಟಕ್ಕೆ ಹೋದ ವಾಚ್‌ಮನ್ ಬೇಗ ವಾಪಸು ಬಂದಿರಬೇಕು. ಅವನ ಮೊಬೈಲು ಹೊರಗಿನ ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದು ಹಾಗೇ ಇತ್ತು. ಬೆಳಿಗ್ಗೆ ಕಸ ಗುಡಿಸಲು ಬಂದವಳಿಗೆ ಬಡಿದ ಸದ್ದು ಕೇಳುವವರೆಗೂ ಯಾರೂ ಅವನನ್ನು ಹುಡುಕಿರಲಿಲ್ಲ. ಕಿಟಕಿಯಿಲ್ಲದ ಕೋಣೆ, ಕಬ್ಬಿಣದ ಬಾಗಿಲು.

"ಅಣ್ಣಾ, ನಾನು ಬಂದಿದ್ದೀನಿ," ಎಂದು ಅವಳು ಬಾಗಿಲಿಗೆ ಬಾಯಿಟ್ಟು ಹೇಳಿದಳು. ಒಳಗಿಂದ ಎರಡು ಸಲ ಬಡಿದ ಸದ್ದು ಬಂತು, ಬೆರಳ ಗೆಣ್ಣಿನಿಂದ ಬಡಿದಷ್ಟು ಮೆಲ್ಲಗೆ.

ಹತ್ತು ನಿಮಿಷದ ಕೆಲಸ. ಬೀಗಕ್ಕೆ ಎರಡು ಹನಿ ಎಣ್ಣೆ ಬಿಟ್ಟು, ತೆಳು ಕೊಕ್ಕೆಯನ್ನು ಸಂದಿಗೆ ಇಳಿಸಿ, ಮುರಿದ ಚೂರನ್ನು ಅವಳು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹೊರಗೆಳೆದಳು. ಚೂರು ಅಂಗೈಗೆ ಬಿತ್ತು. ತುದಿಯಲ್ಲಿ ಗೀರಿತ್ತು. ಎಡಕ್ಕೆ ವಾಲಿತ್ತು.

ಕೀಲಿಯಮ್ಮನ ಕೈ ನಿಂತುಹೋಯಿತು. ಹೋದ ತಿಂಗಳು ಚಿನ್ನದಂಗಡಿಯ ಯಜಮಾನ ತಂದುಕೊಟ್ಟ ಕೀಯನ್ನು ನಕಲು ಮಾಡಲು ಗುಬ್ಬಿಗೆ ಕೊಟ್ಟವಳು ಅವಳೇ. ಹುಡುಗಿ ಒಂದು ಮಾಡುವ ಕಡೆ ಎರಡು ಮಾಡಿದ್ದಾಳೆ. ಕದಿಯಲು ಮಾಡಿದ ಕೀಗೂ ಆ ಪಾಪಿ ಕೈ ಅಭ್ಯಾಸಬಲದಿಂದ ಗೀರು ಎಳೆದುಬಿಟ್ಟಿದೆ. ಒಳಗಿರುವವನು ನೋಡಿದ್ದಾನೋ ಏನೋ. ನೋಡಿದ್ದರೆ, ಈ ಬಾಗಿಲು ತೆರೆದರೆ ಮಗಳ ಬಾಳು ಮುಗಿಯಿತು. ತೆರೆಯದಿದ್ದರೆ ಅಣ್ಣನ ಉಸಿರು ಮುಗಿಯಿತು.

ಒಳಗಿಂದ ಇನ್ನೊಂದು ಸಲ ಸದ್ದು ಬಂತು. ಈ ಸಲ ಒಂದೇ.

ಎಷ್ಟು ಹೊತ್ತು ಹಾಗೆ ನಿಂತಿದ್ದಳೋ, ಅರೆ ನಿಮಿಷವೋ ಒಂದು ನಿಮಿಷವೋ. ಆಮೇಲೆ ಪಕ್ಕದಲ್ಲಿ ನಿಂತಿದ್ದ ಯಜಮಾನನ ಕೈಯಿಂದ ಕೀ ಕಿತ್ತುಕೊಂಡು ಬಾಗಿಲು ತೆರೆದಳು. ಆ ಒಂದು ನಿಮಿಷಕ್ಕಾಗಿ ಅವಳು ತನ್ನನ್ನು ಯಾವತ್ತೂ ಕ್ಷಮಿಸಿಕೊಳ್ಳಲಿಲ್ಲ.

ವಾಚ್‌ಮನ್ ಬಾಗಿಲ ಬುಡದಲ್ಲೇ ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಅವಳಿಗಷ್ಟೇ ಕೇಳುವಂತೆ ಅಂದ, "ಮಗು ಹೊರಗೆ ಅಳ್ತಾ ಇತ್ತು, ತಂಗಿ. ತುಂಬಾ ಅಳ್ತಾ ಇತ್ತು."

"ಏನಂದ?" ಎಂದು ಇನ್ಸ್‌ಪೆಕ್ಟರ್ ಬಗ್ಗಿದರು.

"ನೀರು ಕೇಳಿದ್ರು."

ಆಸ್ಪತ್ರೆ ತಲುಪುವ ಮೊದಲೇ ವಾಚ್‌ಮನ್ ತೀರಿಕೊಂಡ. ಸುದ್ದಿ ಫೋನಿನಲ್ಲಿ ಬಂದಾಗ ಇನ್ಸ್‌ಪೆಕ್ಟರ್ ಮುರಿದ ಚೂರನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಯಜಮಾನ ತಲೆ ತಲೆ ಚಚ್ಚಿಕೊಂಡ. ರಜೆಯ ದಿನ ಅಸಲಿ ಮಾಲೆಲ್ಲ ಬ್ಯಾಂಕಿನಲ್ಲಿರುತ್ತಿತ್ತು. ಕಳುವಾದ ಎರಡು ತಟ್ಟೆ ಬರೀ ಪ್ರದರ್ಶನಕ್ಕಿಟ್ಟ ಗಿಲೀಟು. ಒಬ್ಬ ಮನುಷ್ಯ ಸತ್ತದ್ದು ಅದಕ್ಕೆ.

"ಈ ಗೀರು ನಿಂದೇ ಅಲ್ವಾ?" ಎಂದರು ಇನ್ಸ್‌ಪೆಕ್ಟರ್.

"ನಂದೇ ಸಾರ್. ಕೀ ಮಾಡಿದ್ದೂ ನಾನೇ, ಕದ್ದಿದ್ದೂ ನಾನೇ."

ಇನ್ಸ್‌ಪೆಕ್ಟರ್ ದಡ್ಡರಲ್ಲ. ಜೇಬಿನಿಂದ ತಮ್ಮ ಮನೆಯ ಕೀ ತೆಗೆದು ಪಕ್ಕಕ್ಕಿಟ್ಟರು. "ಇದನ್ನ ನೀನೇ ಮಾಡಿಕೊಟ್ಟಿದ್ದು, ನನ್ನ ಕಣ್ಣೆದುರಿಗೆ. ಇದು ಬಲಕ್ಕಿದೆ, ಅದು ಎಡಕ್ಕಿದೆ. ಯಾರನ್ನ ಉಳಿಸೋಕೆ ನೋಡ್ತಿದ್ದೀಯ?"

"ನಂಗೆ ಎರಡೂ ಕೈ ಓಡುತ್ತೆ ಸಾರ್. ಕಳ್ಳ ಕೆಲಸಕ್ಕೆ ಎಡಗೈ."

"ತೋರಿಸು, ನೋಡೋಣ."

ಅವಳು ಪೆಟ್ಟಿಗೆಯಿಂದ ಒಂದು ಖಾಲಿ ಕೀ ತೆಗೆದಳು. ಅರವನ್ನು ಎಡಗೈಗೆ ತಗೊಂಡಳು. ಹತ್ತು ವರ್ಷದ ಹಿಂದೆ ಆ ಕೈಯ ಕೆಳಗೊಂದು ಪುಟ್ಟ ಕೈ ಇತ್ತು. ಗೀರು ಎಳೆದಳು. ಇನ್ಸ್‌ಪೆಕ್ಟರ್ ಎರಡನ್ನೂ ಜೋಡಿಸಿ ನೋಡಿದರು, ಒಂದೇ ಅಚ್ಚು.

ಬಟ್ಟೆ ತರಲು ಮನೆಗೆ ಬಿಟ್ಟರು. ಜೊತೆಗೆ ಬಂದ ಪೇದೆ ಹೊರಗೆ ರಸ್ತೆಯಲ್ಲಿ ಬೀಡಿ ಹಚ್ಚಿಕೊಂಡ. ಗುಬ್ಬಿ ಹಾಸಿಗೆಯ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು, ನಿನ್ನೆ ಸಂಜೆಯಿಂದ ಕೂತಿದ್ದ ಹಾಗೆಯೇ. ಹೊಟ್ಟೆನೋವು ಅಂದಿದ್ದಳು. ಕೀಲಿಯಮ್ಮ ಕಷಾಯ ಮಾಡಿಕೊಟ್ಟು ಪಕ್ಕದಲ್ಲೇ ಮಲಗಿದ್ದಳು.

ಹುಡುಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೂರು ವಾರದಿಂದ ಹೂಡಿದ ಸಂಚು. ಜೊತೆಗೆ ಲಂಬು ಮತ್ತು ಸೋಡಾಬುಡ್ಡಿ, ಇಬ್ಬರೂ ಅವಳ ತರಗತಿಯವರೇ. ಮಾವ ಊಟಕ್ಕೆ ಹೋಗುವಾಗ ಹಿಂಬಾಗಿಲಿಗೆ ಬರೀ ಚಿಲಕ ಹಾಕುತ್ತಾನೆಂದು ಅವಳಿಗೆ ಗೊತ್ತಿತ್ತು. ಕನ್ನಡಕದ ಸೋಡಾಬುಡ್ಡಿ ಬೀದಿ ಕಾಯಬೇಕಿತ್ತು, ಮಾವ ಬಂದದ್ದು ಅವನಿಗೆ ಕಾಣಲೇ ಇಲ್ಲ. ಲಂಬು ಮತ್ತು ಅವಳು ಪರದೆಯ ಹಿಂದೆ ಅವಿತರು. ತೆರೆದಿದ್ದ ಕೋಣೆಯನ್ನು ನೋಡಲು ಮಾವ ಒಳಗೆ ಹೋದ. ಲಂಬು ಬಾಗಿಲು ದೂಡಿದ. ಕೀ ತಿರುಗಿಸಿದ್ದು ಅವಳು. ಓಡಿಹೋಗಿ ಸಂಜೆ ಮತ್ತೆ ಬಂದು ಮೆಲ್ಲಗೆ ತೆರೆದುಬಿಡುವುದು ಅಂದುಕೊಂಡಿದ್ದರು. ಆದರೆ ಅವಸರದಲ್ಲಿ ಹೊರಗೆಳೆಯುವಾಗ ಕೀ ಮುರಿದುಹೋಯಿತು. ಲಂಬು ಎಳೆದುಕೊಂಡು ಓಡುವವರೆಗೂ ಅವಳು ಅಲ್ಲೇ ಅಳುತ್ತಾ ನಿಂತಿದ್ದಳು.

"ಕೀ ತಲೆ ಮೋರಿಗೆ ಹಾಕಿದೆ ಅಮ್ಮ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ." ಆಮೇಲೆ ತಲೆಯೆತ್ತಿ ಕೇಳಿದಳು, "ಮಾವ ಹೊರಗೆ ಬಂದ್ರಾ?"

ಕೀಲಿಯಮ್ಮ ಎರಡು ಸೀರೆ ಮಡಚಿ ಚೀಲಕ್ಕೆ ತುಂಬಿದಳು. "ಹೊರಗೆ ತಂದೆ. ಉಳೀಲಿಲ್ಲ."

ಗುಬ್ಬಿ ಹಾಸಿಗೆಯಿಂದ ಇಳಿದು ಅವಳ ಕಾಲು ಹಿಡಿದಳು. "ನಾನೇ ಹೋಗಿ ಹೇಳಿಬಿಡ್ತೀನಮ್ಮ. ಈಗಲೇ ಹೇಳ್ತೀನಿ."

ಅವಳಿಗೆ ಮಗಳ ಮೇಲೆ ಕರುಳು ಕಿತ್ತುಬರುವಷ್ಟು ಪ್ರೀತಿಯಿತ್ತು. ಆ ಗಳಿಗೆಯಲ್ಲಿ ಮುಖ ನೋಡಲಾರದಷ್ಟು ಅಸಹ್ಯವೂ ಇತ್ತು. ಯಾವುದನ್ನೂ ಮುಚ್ಚಿಡಲಿಲ್ಲ. ಮಗಳ ಎಡಗೈಯನ್ನು ಕಾಲಿಂದ ಬಿಡಿಸಿ, ಒಂದು ಕ್ಷಣ ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಈಗ ಹೇಳಿ ಯಾರಿಗೇನು ಬಂತು? ನಿನ್ನೆ ಸಂಜೆ ಹೇಳ್ಬೇಕಿತ್ತು. ಹತ್ತೇ ನಿಮಿಷದ ಕೆಲಸ, ಗುಬ್ಬಿ. ನಾನು ಪಕ್ಕದಲ್ಲೇ ಮಲಗಿದ್ದೆ."

ತಮ್ಮ ಅಂಗಡಿಯ ಕೀಯನ್ನು ಮೇಜಿನ ಮೇಲಿಟ್ಟು, ಚೀಲ ತಗೊಂಡು ಹೊರಗೆ ಹೋದಳು.