ಆಷಾಢದಲ್ಲಿ ಬಂದ ಕಂಪ್ಯೂಟರ್

ಪುಣೆಯ ವಿಮಾನ ನಗರದ ನಮ್ಮ ಆಫೀಸಿನಲ್ಲಿ ಯಾರ ಕಂಪ್ಯೂಟರಿನಲ್ಲಾದರೂ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗದೆ ಹಟ ಹಿಡಿದರೆ ನನ್ನನ್ನು ಕರೆಯುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ, ಇತ್ತೀಚೆಗೆ ಏನಾದರೂ ಬದಲಾಯಿಸಿದಿರಾ ಎಂಬುದು. ಇಷ್ಟು ವರ್ಷಗಳಲ್ಲಿ ಒಬ್ಬರೂ ಹೌದು ಎಂದದ್ದಿಲ್ಲ. ಎಲ್ಲರೂ ನಿರಪರಾಧಿಗಳು, ಕಂಪ್ಯೂಟರೊಂದೇ ದುಷ್ಟ. ಈ ವಿಷಯದಲ್ಲಿ ನಮ್ಮ ಮನೆ ಮಾಲೀಕರು ಎಲ್ಲರನ್ನೂ ಮೀರಿಸಿದರು.

ಧನಕವಡಿಯಲ್ಲಿ ನಾನು ಬಾಡಿಗೆಗಿರುವುದು ವಿಜಯಪುರದ ಕಡೆಯ ದಂಪತಿಯ ಮನೆಯ ಮಹಡಿಯಲ್ಲಿ. ಕಾಕಾ ಚಾಕಣದ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಮಾಡಿ ನಿವೃತ್ತರಾದವರು. ಅವರ ಹೆಂಡತಿ ಕಾಕು ಮದುವೆಗೆ ಮುಂಚೆ ಊರಿನ ಶಾಲೆಯಲ್ಲಿ ಟೀಚರಾಗಿದ್ದರು. ಪುಣೆಗೆ ಬಂದಮೇಲೆ ಕೆಲಸ ನಿಂತಿತು, ಟೀಚರ ಗತ್ತು ನಿಲ್ಲಲಿಲ್ಲ. ನಾನು ಬಾಗಿಲಿಗೆ ಸಿಕ್ಕಿಸಿ ಹೋಗುವ ಚೀಟಿಯಲ್ಲೂ ಅವರು ಮೊದಲು ಹುಡುಕುವುದು ತಾರೀಖನ್ನು.

ಕಳೆದ ಮಳೆಗಾಲದಲ್ಲಿ ಅವರಿಗೆ ಮತ್ತೆ ಮಕ್ಕಳು ಸಿಕ್ಕರು. ಮರಾಠಿಯಲ್ಲೇ ಜಗಳವಾಡುವ ಕನ್ನಡದ ಮನೆಗಳ ಹನ್ನೊಂದು ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆನ್‌ಲೈನಿನಲ್ಲಿ ಕನ್ನಡ ಓದುಬರಹ ಕಲಿಸಬೇಕು. ಅದಕ್ಕೆಂದೇ ಬುಧವಾರ ಹೊಸ ಕಂಪ್ಯೂಟರ್ ಬಂತು. ಆಷಾಢದಲ್ಲಿ ಹೊಸದನ್ನು ಶುರು ಮಾಡುವುದೇ ಎಂದು ಕಾಕು ಮುಖ ಸಣ್ಣದು ಮಾಡಿಕೊಂಡರು. ಹೆಂಡತಿಯ ಪಂಚಾಂಗವನ್ನು ಗೇಲಿ ಮಾಡುವುದು ಕಾಕಾರ ನಿತ್ಯದ ಕೆಲಸ. "ಮಷಿನ್‌ಗೆ ಎಲ್ಲಿ ಆಷಾಢ ಬಂತು?" ಎಂದು ನಕ್ಕುಬಿಟ್ಟರು.

ಶನಿವಾರ ಮಧ್ಯಾಹ್ನ, ತರಗತಿಗೆ ಬೇಕಾದ ಸಾಫ್ಟ್‌ವೇರನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಕೆಳಗಿಳಿದೆ. ಹತ್ತು ನಿಮಿಷದ ಕೆಲಸವೆಂದು ಒಲೆಯ ಮೇಲೆ ಅನ್ನಕ್ಕಿಟ್ಟು ಬಂದಿದ್ದೆ. ಶುರುವಾದ ಇನ್‌ಸ್ಟಾಲ್, ಸುರಕ್ಷಿತ ಸಂಪರ್ಕ ಸಿಗುತ್ತಿಲ್ಲ ಎಂದು ಅರ್ಧ ನಿಮಿಷಕ್ಕೇ ಕೈಯೆತ್ತಿತು. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಆ್ಯಂಟಿವೈರಸ್ಸನ್ನು ಮಲಗಿಸಿದೆ. ನನ್ನ ಫೋನಿನ ಇಂಟರ್ನೆಟ್ ಕೊಟ್ಟೆ. ಅದೇ ಹಾಡು. ನಡುವೆ ಮಹಡಿಗೆ ಓಡಿ ತಳ ಹಿಡಿದ ಅನ್ನವನ್ನು ಇಳಿಸಿ ಬಂದೆ.

"ಕಾಕಾ, ಇದರಲ್ಲಿ ಏನಾದ್ರೂ ಚೇಂಜ್ ಮಾಡಿದ್ರಾ?"

"ನಾ ಅದರ ಸುದ್ದಿಗೇ ಹೋಗಿಲ್ಲವ್ವಾ," ಎಂದರು ಪೇಪರಿನ ಹಿಂದಿನಿಂದ. "ಚಾಕಣದಾಗಾದ್ರ ಬಾಜೂಕ ಒಂದ್ ಏಟು ಹಾಕ್ತಿದ್ವಿ."

ಸಂಜೆಯಾಯಿತು. ಕಾಕು ಮೆಲ್ಲಗೆ, "ಇರ್ಲಿ ಬಿಡು ತಂಗಿ. ಶ್ರಾವಣದಾಗ ನೋಡೂಣು," ಎಂದರು. ಶ್ರಾವಣದವರೆಗೆ ಕಾಯುವವರು ಯಾರೂ ಇರಲಿಲ್ಲ. ಈ ಭಾನುವಾರ ತರಗತಿ ಶುರುವಾಗದಿದ್ದರೆ ಮಕ್ಕಳನ್ನು ಅಬಾಕಸ್ ಲೆಕ್ಕದ ಕ್ಲಾಸಿಗೆ ಹಾಕುತ್ತೇವೆಂದು ತಾಯಂದಿರು ಆಗಲೇ ಹೇಳಿದ್ದರು. ಕಾಕು ಹನ್ನೊಂದು ಹೆಸರು ಬರೆದಿಟ್ಟ ಹಾಜರಿ ಪುಸ್ತಕವನ್ನು ಮುಚ್ಚಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು. ಆಫೀಸಿನಲ್ಲಿ ಮೆರೆದದ್ದೆಲ್ಲ ನೆನಪಾಗಿ ನಾಚಿಕೆಯೂ ಆಯಿತು.

ಏಳುವ ಮುನ್ನ ಕಾಕು ಕನ್ನಡಕ ಏರಿಸಿಕೊಂಡು, ತಪ್ಪು ತಿದ್ದುವವರ ಹಾಗೆ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕೊನೆಗೆ ಕೆಳಗಿನ ಮೂಲೆಯಲ್ಲಿ ಬೆರಳಿಟ್ಟರು.

"ಇದರಾಗ ಇನ್ನೂ ಯುಗಾದಿ ತಾರೀಖು ಯಾಕದ?"

ನೋಡಿದೆ. ಮೂರು ತಿಂಗಳು ಹಿಂದೆ! ಇಂಟರ್ನೆಟ್ಟಿನ ಆ ತುದಿಯಿಂದ ಬರುವ ಸುರಕ್ಷತೆಯ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಯುಗಾದಿಯಲ್ಲೇ ಕೂತಿದ್ದ ಈ ಕಂಪ್ಯೂಟರಿನ ಪ್ರಕಾರ ಆ ಪತ್ರ ಇನ್ನೂ ಹುಟ್ಟಿಯೇ ಇರಲಿಲ್ಲ. ಹೀಗಾಗಿ ನಂಬದೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಸಮಯ ತಾನಾಗಿ ಸರಿಹೋಗುವ ಏರ್ಪಾಡನ್ನೂ ಯಾರೋ ನಿಲ್ಲಿಸಿದ್ದರು. ಅದು ತನ್ನಷ್ಟಕ್ಕೆ ನಿಲ್ಲುವಂಥದ್ದಲ್ಲ.

ಇಬ್ಬರೂ ಪೇಪರಿನ ಕಡೆ ತಿರುಗಿದೆವು. ಪೇಪರು ಇನ್ನಷ್ಟು ಮೇಲೇರಿತು.

"ಬ್ಯಾರೇ ಏನೂ ಮಾಡಿಲ್ಲ," ಎಂದಿತು ಅದು. "ತಾರೀಖಷ್ಟ ಹಿಂದ ಹಾಕೀನಿ. ಆಷಾಢದಾಗ ಶುರು ಆತಂದ್ರ ನಿನ್ನ ಮನಸಿಗೆ ಸಮಾಧಾನ ಇರೂದಿಲ್ಲ. ಯುಗಾದಿ ದಿನ ಶುರು ಆತಂತ ಅದರಾಗಾದ್ರೂ ಇರ್ಲಿ ಅಂದೆ."

ಕಾಕು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಸರಿ ಮಾಡು ತಂಗಿ. ನನಗ ಆಷಾಢನೂ ನಡೀತದ," ಎಂದರು. ತಾರೀಖು ತಿದ್ದಿದೆ. ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಯಿತು.

ಮರುದಿನ ಹತ್ತಕ್ಕೆ ಪರದೆಯ ತುಂಬ ಹನ್ನೊಂದು ಮುಖಗಳು. ಕಾಕು ಇಳಕಲ್ ಸೀರೆಯುಟ್ಟು ನೆಟ್ಟಗೆ ಕೂತಿದ್ದರು. ಹಾಜರಿ ಮುಗಿಸಿ, "ಮೊದಲ ಮ್ಯಾಲ ತಾರೀಖು ಬರೀರಿ," ಎಂದರು. ಇವತ್ತು ಎಷ್ಟನೇ ತಾರೀಖೆಂದು ಒಂದು ಹುಡುಗಿ ಮರಾಠಿಯಲ್ಲಿ ಕೇಳಿದಳು.

"ನಮ್ಮನ್ಯಾಗ ತಾರೀಖೆಲ್ಲ ಕಾಕಾರ ಕೈಯಾಗ ಅದ. ಅವರನ್ನ ಕೇಳೂಣು. ರೀ, ಇಲ್ಲಿ ಬರ್ರಿ."

ಬಾಗಿಲ ಮರೆಯಲ್ಲಿದ್ದ ಕಾಕಾ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಒಳಗೆ ಬಂದರು. ಕೈಕಟ್ಟಿ ನಿಂತು ದಿನ, ತಿಂಗಳು, ವರ್ಷ ಮೂರನ್ನೂ ಸರಿಯಾಗಿ ಒಪ್ಪಿಸಿದರು. "ಆಷಾಢ ಮಾಸ," ಎಂದೂ ಸೇರಿಸಿದರು.

"ಶಾಬಾಸ್. ಕೂಡ್ರಿ," ಎಂದರು ಕಾಕು.

ಕಾಕಾ ಪಕ್ಕದ ಸ್ಟೂಲಿನ ಮೇಲೆ ಕೂತರು. ತರಗತಿ ಮುಗಿಯುವವರೆಗೂ ಏಳಲಿಲ್ಲ.