ಜವರಪ್ಪ ಮೇಷ್ಟ್ರ ಮೊದಲ ಪಾಠ

ನಮ್ಮ ಅರಕಲಗೂಡಿನ ಪಿ.ಟಿ. ಮೇಷ್ಟ್ರು ಜವರಪ್ಪ, ವಿಕಲಚೇತನ ಮಕ್ಕಳನ್ನೂ ಆಟಕ್ಕೆ ಸೇರಿಸಿಕೊಳ್ಳುವುದು ಹೇಗೆಂದು ಕಲಿಸುವ ಆನ್‌ಲೈನ್ ಕಾಲೇಜು ಕೋರ್ಸಿಗೆ ಸೇರಿ ಎರಡು ತಿಂಗಳಾಯಿತು. ಈವರೆಗೆ ಪ್ರೊಫೈಲ್ ಫೋಟೋ ಮಾತ್ರ ನಾಲ್ಕು ಸಲ ಬದಲಾಗಿದೆ. ನಾಲ್ಕರಲ್ಲೂ ಕೊರಳಲ್ಲಿ ಸೀಟಿ, ಮೀಸೆಗೆ ಹೊಸ ಬಣ್ಣ. ಹೋಟೆಲಿನಲ್ಲಿ ಕಾಫಿ ಕುಡಿಯುವವರನ್ನೆಲ್ಲ ಹಿಡಿದು, “ನಾನೀಗ ಕಾಲೇಜು ಸ್ಟೂಡೆಂಟು ಕಣಯ್ಯ” ಎನ್ನುತ್ತಾರೆ. ಪಾಸ್‌ವರ್ಡ್ ಮಾತ್ರ ದಿನವೂ ಮರೆಯುತ್ತಾರೆ. ನಿನ್ನೆ ಆಟದ ಪೀರಿಯಡ್ಡಿನಲ್ಲಿ ಅಂತೂ ಮೊಬೈಲಿನಲ್ಲಿ ಕೋರ್ಸಿನ ಮೊದಲ ಪ್ರಶ್ನೆ ಬಂತು: ನಿಮ್ಮ ಮೈದಾನದಲ್ಲಿ ಆಟದಿಂದ ಹೊರಗುಳಿದವರು ಯಾರು? ಟೈಪ್ ಮಾಡಲು ಬಾರದ ಮೇಷ್ಟ್ರು ಹುಣಸೆಮರದತ್ತ ಕೂಗಿದರು. ಆಡುವ ಮಕ್ಕಳ ಚಪ್ಪಲಿ ಕಾಯುತ್ತಿದ್ದ ಅದೇ ಕ್ಲಾಸಿನ ನಿಸರ್ಗ ಒಂದು ಕಾಲೆಳೆಯುತ್ತ ಬಂದಳು. “ಯಾರೂ ಇಲ್ಲ ಅಂತ ಒತ್ತವ್ವ.” ಅವಳು ಒಂದೂ ತಪ್ಪಿಲ್ಲದೆ ಒತ್ತಿ, ಮತ್ತೆ ಚಪ್ಪಲಿಗಳ ಹತ್ತಿರ ಹೋಗಿ ಕೂತಳು.