ಸುಂದರೇಶನ ಸೊನ್ನೆ ಬಿಲ್ಲು

ಬೇಗಾರಿನ ಸುಂದರೇಶನನ್ನು ಗೇಲಿ ಮಾಡಲು ಊರಿನವರಿಗೆ ಅವಕಾಶವೇ ಸಿಗುವುದಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಆ ಕೆಲಸವನ್ನು ಅವನೇ ಮಾಡಿ ಮುಗಿಸಿರುತ್ತಾನೆ. ಮಳೆಗಾಲದಲ್ಲಿ ಕಳೆ ಹೊಡೆಯುವ ಮೆಷಿನ್ ಹೆಗಲಿಗೇರಿಸಿಕೊಂಡು, ಚಳಿಗಾಲದಲ್ಲಿ ಕೊಯ್ದ ಅಡಿಕೆ ಗೊನೆ ಹೊತ್ತುಕೊಂಡು, ಯಾರ ತೋಟದಿಂದ ಕರೆ ಬಂದರೆ ಅಲ್ಲಿಗೆ ಹೋಗುವ ಕೂಲಿಯವನು ಅವನು. “ನನ್ನ ತಲೆಯೊಳಗೆ ಮೆದುಳಿಲ್ಲ ಮಾರಾಯ, ಮೆಷಿನಿನ ಪೆಟ್ರೋಲ್ ಟ್ಯಾಂಕಿದೆ. ಅದೂ ಖಾಲಿ” ಎಂದು ಚಹದಂಗಡಿಯಲ್ಲಿ ಕುಳಿತು ಹೇಳುತ್ತಾನೆ. ಹಾಗೆ ಹೇಳುವ ಅಭ್ಯಾಸ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೂ ಮೊದಲು ತನ್ನಷ್ಟು ಜಾಣ ಬೇಗಾರಿನಿಂದ ಬಾಳೆಹೊನ್ನೂರಿನವರೆಗೆ ಇನ್ನೊಬ್ಬನಿಲ್ಲ ಎಂದು ನಂಬಿಕೊಂಡಿದ್ದವನು ಅವನು.

ಆ ಜಾಣತನವೆಲ್ಲ ಕರೆಂಟ್ ಉಳಿಸುವುದರಲ್ಲಿತ್ತು. ಮನೆಯಲ್ಲಿ ಏನು ಬೇಯಬೇಕು, ಕೂಲಿಯ ದುಡ್ಡು ಎಲ್ಲಿಗೆ ಹೋಗಬೇಕು ಎಂಬುದು ಹೆಂಡತಿ ಮಲ್ಲಿಕಾಳ ತೀರ್ಮಾನ. ಯಾರ ಮದುವೆಗೆ ಹೋಗಬೇಕು, ಯಾರ ಜತೆ ಮಾತು ಬಿಡಬೇಕು ಎಂಬುದು ತಾಯಿ ಸುಬ್ಬಿಯ ತೀರ್ಮಾನ. ಸುಂದರೇಶನ ಮಾತನ್ನು ಕೇಳುತ್ತಿದ್ದದ್ದು ಆ ಮನೆಯಲ್ಲಿ ಸ್ವಿಚ್ಚುಗಳು ಮಾತ್ರ. ಹಾಗಾಗಿ ಅವುಗಳ ಮೇಲೆ ಅವನು ಇದ್ದಬದ್ದ ಯಜಮಾನಿಕೆಯನ್ನೆಲ್ಲ ನಡೆಸಿದ. ಮಲ್ಲಿಕಾ ಒಗ್ಗರಣೆಗೆ ಸಾಸಿವೆ ಹುಡುಕುತ್ತಿರುವಾಗಲೇ ಅಡುಗೆಮನೆಯ ಬೆಳಕು ಹೋಗುತ್ತಿತ್ತು. ಸುಬ್ಬಿ ಬಚ್ಚಲಿನೊಳಗಿಂದ ಕೂಗಿಕೊಂಡರೂ, “ಮೈ ತೊಳ್ಕೊಳ್ಳೋಕೆ ಎಂತಕ್ಕೆ ಬೆಳಕು? ನಿನ್ನ ಮೈ ಎಲ್ಲಿದೆ ಅಂತ ನಿಂಗೆ ಗೊತ್ತಿಲ್ವಾ?” ಎಂದು ಹೊರಗಿನಿಂದಲೇ ಉತ್ತರ ಬರುತ್ತಿತ್ತು. ಊರಿನವರು ‘ಸ್ವಿಚ್ ಸುಂದರೇಶ’ ಎಂದು ಹೆಸರಿಟ್ಟರು. ಅದು ಬೈಗುಳವೆಂದು ಅವನಿಗೆ ಹೊಳೆಯಲೇ ಇಲ್ಲ. ಬಿರುದೆಂದು ತಿಳಿದು ಖುಷಿಪಟ್ಟ.

ಹೀಗಿರುವಾಗ ಸರ್ಕಾರದ ಗೃಹಜ್ಯೋತಿ ಬಂತು. ಮನೆಮನೆಯ ಕರೆಂಟ್ ಬಿಲ್ಲನ್ನು ಇನ್ನು ಸರ್ಕಾರವೇ ಕಟ್ಟುತ್ತದೆ ಎಂಬ ಸುದ್ದಿ ಕೇಳಿ ಸುಂದರೇಶ ಎಲ್ಲರಿಗಿಂತ ಮುಂಚೆ ಹೋಗಿ ಹೆಸರು ಬರೆಸಿ ಬಂದ. ಆಮೇಲೆ ತಿಳಿದ ಸಂಗತಿಯೇ ಬೇರೆ. ಎಲ್ಲರಿಗೂ ಒಂದೇ ಅಳತೆಯಲ್ಲ. ಹಿಂದಿನ ವರ್ಷ ಯಾವ ಮನೆ ತಿಂಗಳಿಗೆ ಸರಾಸರಿ ಎಷ್ಟು ಉರಿಸಿತ್ತೋ ಅಷ್ಟು, ಅದರ ಮೇಲೊಂದಿಷ್ಟು ಪುಕ್ಕಟೆ. ಅದನ್ನು ದಾಟಿದರೆ ದಾಟಿದ್ದಕ್ಕೆ ಬಿಲ್ಲು.

ಪಕ್ಕದ ಮನೆಯ ಸಣ್ಣಕ್ಕ ಬೆಳಗ್ಗೆ ಎದ್ದ ಕೂಡಲೇ ಟಿವಿ ಹಾಕುವವಳು. ಮನೆಯಲ್ಲಿ ಮಾತು ಕೇಳುತ್ತಿದ್ದರೆ ಕೋಳಿ ಕದಿಯಲು ಬೆಕ್ಕು ಬರುವುದಿಲ್ಲ ಎಂಬುದು ಅವಳ ಸಿದ್ಧಾಂತ. ಫ್ರಿಜ್ಜು, ಬಿಸಿನೀರಿನ ಕಾಯಿಲ್, ಕೊಟ್ಟಿಗೆಗೊಂದು ದೊಡ್ಡ ಬಲ್ಬು, ಯಾವುದಕ್ಕೂ ಅವಳಲ್ಲಿ ಬಿಡುವಿಲ್ಲ. ಅವಳಿಗೆ ಸಿಕ್ಕ ಪಾಲು ಉರಿಸಿ ಮುಗಿಯದಷ್ಟು. ವರ್ಷಪೂರ್ತಿ ಕತ್ತಲೆಯಲ್ಲಿ ತಡಕಾಡಿದ ಸುಂದರೇಶನಿಗೆ ಸಿಕ್ಕಿದ್ದು ಸಣ್ಣ ಮಕ್ಕಳ ಅಂಗೈಗೆ ಹಾಕುವ ತೀರ್ಥದಷ್ಟು.

ಮೀಟರ್ ರೀಡಿಂಗಿಗೆ ಬಂದ ಅಂಬಿಕಾಳನ್ನು ಅವನು ಅಂಗಳದಲ್ಲೇ ತಡೆದ.

“ಎಂತದು ಅಂಬಿಕಾ ಇದು? ಉರಿಸಿದವರಿಗೆ ಬಹುಮಾನ, ಉಳಿಸಿದವನಿಗೆ ದಂಡವಾ?”

“ನಾನೆಂತ ಮಾಡ್ಲಿ ಅಣ್ಣ? ಹೋದ ವರ್ಷ ನೀವು ಸ್ವಲ್ಪ ಉರಿಸ್ಬೇಕಿತ್ತು” ಎಂದು ಅಂಬಿಕಾ ಕೈಯಲ್ಲಿದ್ದ ಯಂತ್ರದಿಂದ ಬಿಲ್ಲು ಹರಿದು ಕೊಟ್ಟು ಸಣ್ಣಕ್ಕನ ಮನೆಯತ್ತ ನಡೆದಳು.

ಬಿಲ್ಲಿನ ಕೆಳಗೆ ಕಟ್ಟಬೇಕಾದ ಮೊತ್ತ ಸೊನ್ನೆ ಎಂದಿತ್ತು. ಅದನ್ನು ನೋಡಿದ ಕೂಡಲೇ ಸುಂದರೇಶನ ಸಿಟ್ಟು ಇಳಿಯಿತು. ಯಾವ ಕಚೇರಿಯೂ ಅವನಿಗೆ ಈವರೆಗೆ ಏನನ್ನೂ ಪುಕ್ಕಟೆ ಕೊಟ್ಟಿರಲಿಲ್ಲ. ಶಾಲೆಯಲ್ಲಿ ಸೊನ್ನೆ ತೆಗೆದದ್ದಕ್ಕೆ ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಈಗ ಅದೇ ಸೊನ್ನೆಯನ್ನು ಅವನು ಕ್ಯಾಲೆಂಡರಿನ ಮೊಳೆಗೆ ಚುಚ್ಚಿ ಬಂದುಹೋಗುವವರಿಗೆಲ್ಲ ತೋರಿಸಿದ. ಇದು ಕೈತಪ್ಪಿ ಹೋಗಬಾರದು ಎಂಬ ಹಟ ಹತ್ತಿತು. ಕೊಟ್ಟ ಪಾಲೇ ಇಷ್ಟು ಚಿಕ್ಕದಾದ ಮೇಲೆ ದಾಟದೆ ಉಳಿಯಬೇಕಲ್ಲ! ಅಡುಗೆಮನೆಯಲ್ಲಿದ್ದ ಬಲ್ಬನ್ನು ಕಳಚಿ, ದೇವರ ಫೋಟೋದ ಮುಂದೆ ಉರಿಯುವ ಸಣ್ಣ ಕೆಂಪು ಬಲ್ಬನ್ನು ಅಲ್ಲಿಗೆ ಹಾಕಿದ. ಮಂಕಾಗಿ ಉರಿಯುವುದು ಕಡಿಮೆ ತಿನ್ನುತ್ತದೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

“ಈ ಬೆಳಕಲ್ಲಿ ಬೇಳೆ ಯಾವ್ದು, ಹುಳ ಯಾವ್ದು ಅಂತ ಕಾಣೂದಿಲ್ಲ” ಎಂದಳು ಮಲ್ಲಿಕಾ.

“ಬೇಯಿಸಿದ ಮೇಲೆ ಎರಡೂ ಒಂದೇ” ಎಂದ ಸುಂದರೇಶ. ಇದನ್ನೂ ಅವನು ಚಹದಂಗಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡು ನಗಿಸಿದ.

ಆ ವರ್ಷ ಸುಬ್ಬಿ ಸೊರಗತೊಡಗಿದಳು. ಹೊತ್ತಿಲ್ಲದ ಹೊತ್ತಿನಲ್ಲಿ ಬಾಯಾರಿಕೆ, ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸುಸ್ತು. ಕೊಪ್ಪಕ್ಕೆ ಕರೆದುಕೊಂಡು ಹೋಗಿ ತೋರಿಸಿದಾಗ ಸಕ್ಕರೆ ಕಾಯಿಲೆ ಏರಿದೆ, ಮಾತ್ರೆಗೆ ಬಗ್ಗುವುದಿಲ್ಲ, ಇನ್ನು ಬೆಳಗ್ಗೆ ಸಂಜೆ ಇನ್ಸುಲಿನ್ ಚುಚ್ಚಬೇಕು ಎಂದರು ಡಾಕ್ಟರು. ಸೂಜಿ ಕಂಡರೆ ಮಲ್ಲಿಕಾಳಿಗೆ ತಲೆ ತಿರುಗುತ್ತದೆ. ಕೆಲಸ ಸುಂದರೇಶನ ಪಾಲಿಗೆ ಬಂತು. ಔಷಧಿ ಎಳೆಯುವುದು, ಸಿರಿಂಜಿನಲ್ಲಿ ಹತ್ತರ ಗೆರೆಗೆ ನಿಲ್ಲಿಸುವುದು, ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಚುಚ್ಚುವುದು, ಆಮೇಲೆ ತಿಂಡಿ ಕೊಡುವುದು, ಎಲ್ಲವನ್ನೂ ಅವನು ನಿಷ್ಠೆಯಿಂದ ಕಲಿತ. ಔಷಧಿಯ ಬಾಟಲಿ ಸಣ್ಣಕ್ಕನ ಫ್ರಿಜ್ಜಿನಲ್ಲಿರುತ್ತಿತ್ತು. ನಾವೂ ಒಂದು ಹಳೆ ಫ್ರಿಜ್ಜು ತರೋಣ ಎಂದು ಮಲ್ಲಿಕಾ ಒಮ್ಮೆ ಅಂದದ್ದಕ್ಕೆ ಅವನು ಕ್ಯಾಲೆಂಡರಿನ ಸೊನ್ನೆಯತ್ತ ಬೆರಳು ತೋರಿಸಿದ.

ತಾಯಿಯ ಮೇಲೆ ಅವನಿಗೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳಬಾರದು. ಎಸ್ಟೇಟಿನಲ್ಲಿ ಮೂಟೆ ಹೊತ್ತು ಅವನನ್ನು ಸಾಕಿದವಳು ಅವಳು. ಅವಳಿಗಾಗಿ ಪ್ರಾಣ ಬೇಕಾದರೂ ಕೊಡುತ್ತಿದ್ದ. ಬಲ್ಬು ಒಂದನ್ನು ಬಿಟ್ಟು.

ಅಡಿಕೆ ಕೊಯ್ಲಿನ ದಿನಗಳು. ಬೆಳಕು ಹರಿಯುವ ಮೊದಲೇ ಅವನು ತೋಟದಲ್ಲಿರಬೇಕು. ಆ ಬೆಳಗ್ಗೆ ಹೊರಗೆ ಮಂಜು ಕವಿದಿತ್ತು. ಅಡುಗೆಮನೆಯಲ್ಲಿ ಕೆಂಪು ಬಲ್ಬು ಉರಿಯುತ್ತಿತ್ತು. ಸುಂದರೇಶ ಸಿರಿಂಜನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಹೆಬ್ಬೆರಳನ್ನು ಒಂದು ಗೆರೆಗೆ ತಾಗಿಸಿ, ಇದೇ ಇರಬೇಕು ಎಂದುಕೊಂಡ. ಚುಚ್ಚಿದ. ಮಲ್ಲಿಕಾ ರೊಟ್ಟಿ ಮುಂದಿಟ್ಟಳು. ಸುಬ್ಬಿ, “ಈಗಲೇ ಬೇಡ, ಬಾಯಿ ರುಚಿ ಇಲ್ಲ” ಎಂದು ತಟ್ಟೆಯನ್ನು ಆಚೆ ತಳ್ಳಿದಳು.

ಅವನು ಮಿಂದು, ತಿಂಡಿ ತಿಂದು, ತಲೆಗೆ ಟವೆಲ್ ಸುತ್ತಿ, ಬುತ್ತಿ ಕಟ್ಟಿಸಿಕೊಂಡು ಹೊರಡುವ ಹೊತ್ತಿಗೆ ಸುಬ್ಬಿ ಗೋಡೆಗೆ ಒರಗಿದ್ದಳು. ಆ ಚಳಿಯಲ್ಲೂ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು.

“ಅಮ್ಮ, ಎಂತ ಆಯ್ತು?”

ಸುಬ್ಬಿ ಅವನನ್ನೇ ದಿಟ್ಟಿಸಿ ನೋಡಿ, ಕೈ ಮುಗಿದಳು. “ಸಾಹುಕಾರ್ರೇ, ಇವತ್ತು ಬೇಗ ಬಿಡಿ. ಮನೆಲಿ ಮಗು ಒಂದೇ ಇದೆ.”

ಹುಟ್ಟಿದಾಗಿನಿಂದ ಅವನಿಗೆ ‘ಹೋಗಾ’, ‘ಬಾರಾ’ ಎನ್ನುವುದನ್ನು ಬಿಟ್ಟು ಬೇರೆ ಮಾತಾಡದ ಹೆಂಗಸು ತನ್ನನ್ನು ಎಸ್ಟೇಟಿನ ಸಾಹುಕಾರನೆಂದು ತಿಳಿದು ಕೈ ಮುಗಿದದ್ದನ್ನು ನೋಡಿ ಸುಂದರೇಶನ ಜೀವ ಬಾಯಿಗೆ ಬಂತು. ಬುತ್ತಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅವನು ಕೂಗಿದ ಕೂಗಿಗೆ ಸಣ್ಣಕ್ಕ ಟಿವಿಯನ್ನು ಹಾಗೇ ಬಿಟ್ಟು ಓಡಿ ಬಂದಳು. ಬಂದವಳು ಒಂದು ಕ್ಷಣ ನಿಂತು ನೋಡಿ, “ಎಂತದೂ ಕಾಣೂದಿಲ್ಲ ಇಲ್ಲಿ, ಹೊರಗೆ ಎಳೀರಿ ಅವಳನ್ನ!” ಎಂದು ಗದರಿದಳು. ಜಗಲಿಗೆ ತಂದು, ಸಕ್ಕರೆ ಡಬ್ಬಿಯೊಳಗೆ ಕೈ ಹಾಕಿ, ಸುಬ್ಬಿಯ ಕೆನ್ನೆಯ ಒಳಗೆ ಸಕ್ಕರೆ ತಿಕ್ಕಿದಳು. ಸಣ್ಣಕ್ಕನ ತಂಗಿಗೂ ಇದೇ ಕಾಯಿಲೆಯಿತ್ತು, ಮೈಯ ಸಕ್ಕರೆ ತೀರಾ ಇಳಿದು ಇದೇ ರೀತಿ ಒಮ್ಮೆ ಆಗಿತ್ತು. ಸ್ವಲ್ಪ ಹೊತ್ತಿಗೆ ಸುಬ್ಬಿಯ ನಾಲಿಗೆ ಅಲ್ಲಾಡಿತು. ಅಷ್ಟರಲ್ಲಿ ಯಾರೋ ಜೀಪು ತಂದರು, ಸಣ್ಣಕ್ಕನೂ ಜತೆಗೆ ಹತ್ತಿದಳು. ಶೃಂಗೇರಿಯ ಆಸ್ಪತ್ರೆ ಮುಟ್ಟುವವರೆಗೂ ಸುಂದರೇಶ ತಾಯಿಯ ಪಾದಗಳನ್ನು ಹಿಡಿದುಕೊಂಡೇ ಕುಳಿತಿದ್ದ. ತಿರುವುಗಳಲ್ಲಿ ಜೀಪು ಬಳುಕಿದಾಗಲೆಲ್ಲ ಬೇಗಾರಿನ ದೇವರುಗಳನ್ನು ಒಬ್ಬೊಬ್ಬರನ್ನಾಗಿ ಕರೆದ.

ಗ್ಲೂಕೋಸ್ ಏರಿಸಿದ ಮೇಲೆ ಸುಬ್ಬಿ ಕಣ್ಣು ಬಿಟ್ಟು, ಯಾರ ಅಪ್ಪಣೆ ಕೇಳಿ ನನ್ನನ್ನು ಇಲ್ಲಿಗೆ ತಂದದ್ದು ಎಂದು ಜಗಳ ತೆಗೆದಳು. ಆ ಜಗಳ ಕೇಳಿ ಸುಂದರೇಶನಿಗೆ ಅಳು ಬಂತು. ಗೋಡೆಯ ಕಡೆ ತಿರುಗಿ ಟವೆಲಿನಿಂದ ಮುಖ ಒರೆಸಿಕೊಂಡ.

ಸಿಸ್ಟರು ಔಷಧಿ ಇಲ್ಲದ ಸಿರಿಂಜೊಂದನ್ನು ಅವನ ಕೈಗೆ ಕೊಟ್ಟರು. “ಬೆಳಗ್ಗೆ ಎಷ್ಟು ಎಳೆದ್ರಿ, ತೋರಿಸಿ.”

ಟ್ಯೂಬ್‌ಲೈಟಿನ ಕೆಳಗೆ ಸಿರಿಂಜಿನ ಗೆರೆಗಳೆಲ್ಲ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಹೆಬ್ಬೆರಳು ಬೆಳಗ್ಗೆ ನಿಂತ ಜಾಗ ಅದಕ್ಕೆ ನೆನಪಿತ್ತು. ಅಲ್ಲಿಗೇ ಹೋಗಿ ನಿಂತಿತು. ಇಪ್ಪತ್ತು.

“ಎರಡರಷ್ಟು ಹಾಕಿದ್ದೀರಲ್ಲ!” ಎಂದರು ಸಿಸ್ಟರು. ಅವನ ಮುಖ ನೋಡಿ ಅವರ ದನಿ ಮೆತ್ತಗಾಯಿತು. “ಕರೆಂಟ್ ಇರ್ಲಿಲ್ವಾ?”

“ನಮ್ಮ ಕಡೆ ಕರೆಂಟ್ ಯಾವಾಗ ಇರ್ತದೆ ಸಿಸ್ಟರೇ!” ಎಂದು ಸಣ್ಣಕ್ಕ ಕೂಡಲೇ ಬಾಯಿ ಹಾಕಿದಳು. ಜೀಪಿನವನು ಹೌದೌದು ಎಂದ. ಪಕ್ಕದ ಮಂಚದ ರೋಗಿ ಕೂಡ ಮಲಗಿದಲ್ಲೇ ತಲೆಯಾಡಿಸಿದ. ಆ ವಾರ್ಡಿನಲ್ಲಿ ಅದನ್ನು ನಂಬದವರು ಒಬ್ಬರೂ ಇರಲಿಲ್ಲ. ಸುಂದರೇಶ ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದರೆ ಸಾಕಿತ್ತು, ತಪ್ಪೆಲ್ಲ ಕಂಬ ತಂತಿಗಳ ಮೇಲೆ ಹೋಗುತ್ತಿತ್ತು. ಅವನಿಗೂ ಹಾಗೇ ನಿಲ್ಲಬೇಕೆನಿಸಿತು. ಆದರೆ ಮಂಚದ ಮೇಲಿನಿಂದ ಸುಬ್ಬಿ ಅವನನ್ನೇ ನೋಡುತ್ತಿದ್ದಳು.

“ಇತ್ತು ಸಿಸ್ಟರೇ” ಎಂದ. “ಕರೆಂಟ್ ಇತ್ತು. ನಾನೇ ಸರಿಯಾದ ಬೆಳಕು ಹಾಕಿರ್ಲಿಲ್ಲ.”

“ಯಾಕೆ?”

ಉತ್ತರ ಹೇಳಲು ಅವನು ಬಾಯಿ ತೆರೆದ. ಬಿಲ್ಲಿನಲ್ಲಿ ಸೊನ್ನೆ ಬರಲಿ ಅಂತ, ಎನ್ನುವುದು ಬೇಗಾರಿನ ಚಹದಂಗಡಿಯಲ್ಲಿ ಎಷ್ಟೋ ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ ಮಾತು. ಇಲ್ಲಿ ಅದು ನಾಲಿಗೆಯ ಮೇಲೆ ಬರಲೇ ಇಲ್ಲ. ಇಷ್ಟು ದೊಡ್ಡ ದಡ್ಡ ತನ್ನ ಅಂಗಿಯೊಳಗೇ ಇಷ್ಟು ವರ್ಷ ವಾಸವಾಗಿದ್ದನೆಂದು ಅವನಿಗೆ ಗೊತ್ತಾದದ್ದು ಆಗಲೇ.

ಸಂಜೆ ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನು ಅಂಗಡಿಗೆ ಹೋಗಿ ಮನೆಯ ಪ್ರತಿ ಕೋಣೆಗೊಂದು ಎಲ್‌ಇಡಿ ಬಲ್ಬು ತಂದ. ಅಂಗಡಿಯವನು ಎಷ್ಟು ದೊಡ್ಡದು ಬೇಕು ಎಂದು ಕೇಳಿದ್ದಕ್ಕೆ, “ನನ್ನ ತಪ್ಪು ದೂರದಿಂದಲೂ ಕಾಣುವಷ್ಟು” ಎಂದನಂತೆ. ಅವನು ತನ್ನನ್ನು ತಾನು ಗೇಲಿ ಮಾಡಿಕೊಳ್ಳಲು ಶುರುಮಾಡಿದ್ದು ಅಂದಿನಿಂದ. ಅಡುಗೆಮನೆ ಬೆಳಗಿತು. ಮಲ್ಲಿಕಾ ಮಸಿ ಹಿಡಿದ ಗೋಡೆಯನ್ನು ಮೊದಲ ಬಾರಿಗೆ ಸರಿಯಾಗಿ ನೋಡಿ, ಸುಣ್ಣ ಹೊಡೆಯಬೇಕು ಎಂದಳು. ಸುಂದರೇಶ ಮರುಮಾತಾಡದೆ ಸುಣ್ಣ ತಂದ. ಕ್ಯಾಲೆಂಡರಿನ ಸೊನ್ನೆಗಳನ್ನು ಒಲೆಗೆ ಹಾಕಿದ. ಸಿರಿಂಜನ್ನು ಮಾತ್ರ ಮುಟ್ಟಲಿಲ್ಲ. ಮಲ್ಲಿಕಾ ಹಲ್ಲು ಕಚ್ಚಿಕೊಂಡು, ತಲೆ ತಿರುಗುವುದನ್ನು ತಡೆದುಕೊಂಡು ಅತ್ತೆಗೆ ಚುಚ್ಚುವುದನ್ನು ಕಲಿತಳು. ಆ ಹೊತ್ತಿಗೆ ಅವನು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ.

ಮುಂದಿನ ಬಿಲ್ಲಿಗಾಗಿ ಅವನು ಕಾದಂತೆ ಹಿಂದೆಂದೂ ಕಾದಿರಲಿಲ್ಲ. ಇಷ್ಟೊಂದು ಬಲ್ಬು ಉರಿಸಿದ ಮೇಲೆ ಪಾಲು ದಾಟಿಯೇ ದಾಟಿರುತ್ತದೆ. ಎಷ್ಟೇ ಬರಲಿ, ಬಂದದ್ದನ್ನು ಎಣಿಸಿ ಕಟ್ಟಿ ಬರಬೇಕು, ಅಷ್ಟಾದರೂ ದಂಡ ತೆತ್ತ ಹಾಗಾಗುತ್ತದೆ ಎಂದುಕೊಂಡಿದ್ದ. ಅಂಬಿಕಾ ಬೆಳಗ್ಗೆ ಬೇಗ ಬಂದಳು. ಮೀಟರ್ ನೋಡಿದಳು, ಬಿಲ್ಲು ಹರಿದು ಕೊಟ್ಟಳು.

ಸೊನ್ನೆ.

“ತಪ್ಪಾಗಿರ್ಬೇಕು ಅಂಬಿಕಾ. ಇನ್ನೊಂದ್ಸಲ ನೋಡು ಮಾರಾಯ್ತಿ. ಮನೆಯೆಲ್ಲ ದೀಪಾವಳಿ ಮಾಡಿದ್ದೇನೆ ನಾನು.”

“ತಪ್ಪೆಂತ ಇಲ್ಲ ಅಣ್ಣ. ಹೋದ ತಿಂಗ್ಳಿಗಿಂತ ಜಾಸ್ತಿ ಬಂದಿದೆ, ಆದ್ರೂ ನಿಮ್ಮ ಪಾಲು ದಾಟಿಲ್ಲ. ಎಲ್‌ಇಡಿ ಎಷ್ಟು ತಿಂತದೆ? ನೀವು ಊರಿಗೆಲ್ಲ ಹೇಳ್ಕೊಂಡಿದ್ದ ಅಡುಗೆಮನೆಯ ಆ ಹಳೆ ಕೆಂಪು ತಂತಿ ಬಲ್ಬೇ ಇದಕ್ಕಿಂತ ಜಾಸ್ತಿ ತಿಂತಿತ್ತು.”

“ಅಂದ್ರೆ ಆಗ್ಲೇ ಇದನ್ನ ಹಾಕಿದ್ರೂ...”

“ಹಾಕಿದ್ರೂ ಸೊನ್ನೆನೇ” ಎಂದಳು ಅಂಬಿಕಾ. ಸುಬ್ಬಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ.

ಸುಂದರೇಶ ಬಿಲ್ಲು ಹಿಡಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಆ ಸೊನ್ನೆಗಾಗಿ ತಾಯಿಯನ್ನು ಸಾವಿನ ಬಾಗಿಲಿಗೆ ಕಳಿಸಿದ್ದ. ಅದು ಬೆಳಕಿದ್ದರೂ ಬರುತ್ತಿತ್ತು.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಸುಬ್ಬಿ ಕೂಗಿದಳು. “ಸುಂದ್ರೇಶಾ, ಬಾ ಇಲ್ಲಿ. ಇವತ್ತು ನೀನೇ ಚುಚ್ಚು.”

“ಮಲ್ಲಿಕಾ ಚುಚ್ತಾಳಮ್ಮ.”

“ಅವಳು ಗೋಣಿ ಹೊಲಿದ ಹಾಗೆ ಚುಚ್ತಾಳೆ. ನಿನ್ನ ಕೈ ಹಗುರ. ಈಗ ಕಾಣ್ತದಲ್ಲ ನಿಂಗೆ, ಬಾ.”

ಅವನು ಒಳಗೆ ಹೋದ. ದೀಪದ ಕೆಳಗೆ ನಿಂತು ಔಷಧಿ ಎಳೆದ. ಹತ್ತರ ಗೆರೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು, ಆದರೂ ನಂಬಿಕೆ ಬರಲಿಲ್ಲ. ಮಲ್ಲಿಕಾಳಿಗೆ ತೋರಿಸಿದ. ಅವಳು ಹೌದೆಂದಳು. ಅದೂ ಸಾಲದೆ ಅಂಗಳಕ್ಕೆ ಬಂದು, ಗೇಟು ದಾಟುತ್ತಿದ್ದ ಅಂಬಿಕಾಳನ್ನು ಕರೆದು ಸಿರಿಂಜನ್ನು ಅವಳ ಮುಖದ ಮುಂದೆ ಹಿಡಿದ. “ಊರಿನವರ ಮೀಟರೆಲ್ಲ ಓದ್ತೀಯಲ್ಲ, ಇದೊಂದು ಓದಿ ಹೇಳು.”

ಅಂಬಿಕಾ ಗಾಬರಿಯಿಂದ ಅವನ ಮುಖ ನೋಡಿದಳು, ಸಿರಿಂಜು ನೋಡಿದಳು. “ಹತ್ತು ಅಣ್ಣ” ಎಂದಳು.

“ಊರಿಗೆಲ್ಲ ತೋರಿಸಿ ಆಯ್ತಾ?” ಎಂದು ಒಳಗಿನಿಂದ ಸುಬ್ಬಿಯ ದನಿ ಬಂತು. “ಬೇಗ ಹಾಕು ಮಾರಾಯ. ಹಸಿವಾಗ್ತದೆ ನಂಗೆ.”

ಸುಂದರೇಶ ಒಳಗೆ ಹೋಗಿ ತಾಯಿಯ ಮುಂದೆ ಮಂಡಿಯೂರಿದ. ಸುಬ್ಬಿ ಸೆರಗು ಸರಿಸಿ, ಕಣ್ಣು ಮುಚ್ಚಿಕೊಂಡು ಕುಳಿತಳು.